ಬಂದೂಕು ಹಿಡಿದವನ ಎದುರು ಪೊಲೀಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಒಬ್ಬ ಬಂದೂಕು ಹಿಡಿದು ಮನೆಯೊಳಗೆ ಬಾಗಿಲು ಹಾಕಿಕೊಂಡಿದ್ದಾನೆ. ಅಥವಾ ಹೋಟೆಲಿಗೆ ನುಗ್ಗಿ ಜನರನ್ನು ಒತ್ತೆ ಇಟ್ಟುಕೊಂಡಿದ್ದಾನೆ. ಆಗ ಪೊಲೀಸರ ಕೈಯಲ್ಲಿ ಏನಿರಬೇಕು, ಅವರು ಏನು ಕಲಿತಿರಬೇಕು? ಈ ವಿಷಯ ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರ ಮಾತನ್ನು ಹೆಚ್ಚುಕಮ್ಮಿ ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಆಮೇಲೆ.

## ಮೊದಲ ಪ್ರಶ್ನೆಗಳು

ಇದಕ್ಕೆಲ್ಲ ಕಮಾಂಡೋಗಳು ಇದ್ದಾರಲ್ವಾ? ಠಾಣೆ ಪೊಲೀಸರ ಬಗ್ಗೆ ಯಾಕೆ ಇಷ್ಟು ತಲೆಬಿಸಿ?

ಕಮಾಂಡೋಗಳು ಬರುವ ಹೊತ್ತಿಗೆ ಅರ್ಧ ಕಥೆ ಮುಗಿದಿರುತ್ತದೆ, ಅದಕ್ಕೆ. 2008ರ ನವೆಂಬರ್ 26ರ ಮುಂಬೈಯನ್ನೇ ನೋಡಿ. ರಾತ್ರಿ ಒಂಬತ್ತೂವರೆ ಸುಮಾರಿಗೆ ದಾಳಿ ಶುರುವಾಯಿತು. ಕೇಂದ್ರ ಸರ್ಕಾರದ ವಿಶೇಷ ಪಡೆ ಎನ್‌ಎಸ್‌ಜಿಯ ಕಮಾಂಡೋಗಳು ಇದ್ದದ್ದು ಹರಿಯಾಣದ ಮಾನೇಸರ್‌ನಲ್ಲಿ. ಅವರನ್ನು ಹೊತ್ತು ತರಬೇಕಾದ ವಿಮಾನ ಇದ್ದದ್ದು ಚಂಡೀಗಢದಲ್ಲಿ. ಅವರು ಮುಂಬೈ ಮುಟ್ಟಿ ಕಾರ್ಯಾಚರಣೆಗೆ ಇಳಿಯುವಷ್ಟರಲ್ಲಿ ಮರುದಿನ ಬೆಳಗಾಗಿತ್ತು. ಅಷ್ಟರೊಳಗೆ ಸಿಎಸ್‌ಟಿ ರೈಲು ನಿಲ್ದಾಣದಲ್ಲಿ 50ಕ್ಕೂ ಹೆಚ್ಚು ಜನ ಸತ್ತಿದ್ದರು. ಲಿಯೊಪೋಲ್ಡ್ ಕೆಫೆ, ಕಾಮಾ ಆಸ್ಪತ್ರೆಯ ದಾಳಿ ಎಲ್ಲ ಮುಗಿದಿತ್ತು. ದಾಳಿಕೋರ ಕಸಬ್ ಜೀವಂತ ಸಿಕ್ಕಿದ್ದೂ ಅಷ್ಟರೊಳಗೇ. ಅವನನ್ನು ಹಿಡಿದದ್ದು ಯಾವ ಕಮಾಂಡೋ ಪಡೆಯೂ ಅಲ್ಲ, ಗಿರ್‌ಗಾಂವ್ ಚೌಪಾಟಿಯಲ್ಲಿ ನಾಕಾಬಂದಿ ಹಾಕಿದ್ದ ಠಾಣೆಯವರು.

ಮೊದಲ ಒಂದು ಗಂಟೆ ಯಾವಾಗಲೂ ಹತ್ತಿರದ ಠಾಣೆಯದ್ದೇ. ದುಡ್ಡು ಮಾತ್ರ ಕಪ್ಪು ಬಟ್ಟೆಯ ಕಮಾಂಡೋಗಳ ಕಡೆಗೇ ಬೇಗ ಹರಿಯುತ್ತದೆ. ಪರೇಡಿನಲ್ಲಿ ಚೆನ್ನಾಗಿ ಕಾಣುವವರು ಅವರೇ ನೋಡಿ.

ಒತ್ತೆ ಇಟ್ಟುಕೊಂಡವನಿಗೂ, ಸಿಕ್ಕಸಿಕ್ಕವರಿಗೆ ಗುಂಡು ಹಾರಿಸ್ತಾ ಹೋಗೋನಿಗೂ ಪೊಲೀಸರು ಮಾಡೋದು ಒಂದೇ ತಾನೆ?

ಅಲ್ಲ. ಪೂರ್ತಿ ಉಲ್ಟಾ. ಒಳಗಿರುವವನು ಗುಂಡು ಹಾರಿಸುವುದು ನಿಲ್ಲಿಸಿ ಮಾತಿಗೆ ಬಂದಿದ್ದರೆ ಸಮಯ ಪೊಲೀಸರ ಕಡೆ ಇರುತ್ತದೆ. ಸುತ್ತುವರಿದು, ಕಾದು, ಮಾತಾಡಿಸಬೇಕು. ಅವನು ಕೊಲ್ಲುತ್ತಲೇ ಇದ್ದರೆ ಪ್ರತಿ ನಿಮಿಷಕ್ಕೂ ಜೀವ ಹೋಗುತ್ತದೆ. ಆಗ ಮೊದಲು ಬಂದ ನಾಲ್ಕು ಜನವೇ ನುಗ್ಗಬೇಕು.

1999ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸುತ್ತಿದ್ದಾಗ ಪೊಲೀಸರು ಹೊರಗೆ ಸುತ್ತುವರಿದು ವಿಶೇಷ ತಂಡಕ್ಕೆ ಕಾದರು. ಆಗಿನ ಪಾಠ ಅದೇ ಆಗಿತ್ತು. ಆ ಘಟನೆಯ ನಂತರ ಪಾಠ ಬದಲಾಯಿತು: ಕಾಯಬೇಡಿ, ಒಳಗೆ ಹೋಗಿ. ಆದರೂ 2022ರ ಮೇ 24ರಂದು ಟೆಕ್ಸಾಸ್‌ನ ಯುವಾಲ್ಡಿ ಊರಿನ ಶಾಲೆಯಲ್ಲಿ ಅದೇ ತಪ್ಪು ಮತ್ತೆ ಆಯಿತು. ಮೊದಲ ಪೊಲೀಸರು ಕೆಲವೇ ನಿಮಿಷದಲ್ಲಿ ಕಟ್ಟಡದೊಳಗೆ ಬಂದಿದ್ದರು. ಒಬ್ಬೊಬ್ಬರಾಗಿ ಕೊನೆಗೆ 376 ಮಂದಿ ಸೇರಿದರು. ತರಗತಿಯ ಬಾಗಿಲು ದಾಟಲು ಹಿಡಿದದ್ದು 77 ನಿಮಿಷ. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಅಲ್ಲಿ ಬಂದೂಕಿಗೂ ಜನಕ್ಕೂ ಕೊರತೆ ಇರಲಿಲ್ಲ. ಒಳಗಿದ್ದವನು ಬಾಗಿಲು ಹಾಕಿಕೊಂಡು ಕೂತಿದ್ದಾನೆ ಎಂದು ಅಲ್ಲಿದ್ದ ಹಿರಿಯ ಅಧಿಕಾರಿ ತಿಳಿದುಕೊಂಡರು. ಆ ಒಂದು ಅಂದಾಜು ತಪ್ಪಿತ್ತು. ತರಬೇತಿ ಅಂದರೆ ಮೊದಲು ಈ ಅಂದಾಜಿನ ತರಬೇತಿ.

ಬೆಂಗಳೂರಲ್ಲಿ ಹೀಗಾದ್ರೆ ಯಾರು ಬರ್ತಾರೆ?

112ಕ್ಕೆ ಕರೆ ಹೋದರೆ ಮೊದಲು ಹೊಯ್ಸಳ ಗಸ್ತು ಗಾಡಿ, ಜೊತೆಗೆ ಹತ್ತಿರದ ಠಾಣೆಯವರು. ಆಮೇಲೆ ನಗರದ ಕ್ಷಿಪ್ರ ಪಡೆ. ದೊಡ್ಡದಾದರೆ ಗರುಡ ಪಡೆ. ಮುಂಬೈ ದಾಳಿಯ ನಂತರ ರಾಜ್ಯದ ಆಂತರಿಕ ಭದ್ರತಾ ವಿಭಾಗದ ಕೆಳಗೆ ಕಟ್ಟಿದ ಪಡೆ ಅದು, ತರಬೇತಿ ಕೇಂದ್ರ ಕೂಡ್ಲುವಿನಲ್ಲಿದೆ. ಎನ್‌ಎಸ್‌ಜಿ ಬರಬೇಕಾದರೆ ಚೆನ್ನೈ ಅಥವಾ ಹೈದರಾಬಾದಿನಿಂದ ಬರಬೇಕು. 2009ರಲ್ಲಿ ಮುಂಬೈ, ಕೋಲ್ಕತ್ತ, ಚೆನ್ನೈ, ಹೈದರಾಬಾದಿನಲ್ಲಿ ಎನ್‌ಎಸ್‌ಜಿ ನೆಲೆ ತೆರೆದರು. ಬೆಂಗಳೂರಿಗೆ ಸಿಗಲಿಲ್ಲ.

2005ರ ಡಿಸೆಂಬರ್ 28ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಭಾಂಗಣದ ಹೊರಗೆ ಗುಂಡಿನ ದಾಳಿ ಆಯಿತು. ದೆಹಲಿ ಐಐಟಿಯ ನಿವೃತ್ತ ಪ್ರಾಧ್ಯಾಪಕ ಎಂ.ಸಿ. ಪುರಿ ಸತ್ತರು. ದಾಳಿ ಮಾಡಿದವನು ಕತ್ತಲಲ್ಲಿ ಪರಾರಿಯಾದ. ಅಂಥ ಹೊತ್ತಿನಲ್ಲಿ ಯಾವ ಕಮಾಂಡೋ ನೆಲೆ ಎಷ್ಟು ಹತ್ತಿರ ಇದ್ದರೂ ಅಷ್ಟೇ. ಗೇಟಿನಲ್ಲಿರುವ ಕಾವಲುಗಾರ, ರಸ್ತೆಯಲ್ಲಿರುವ ಗಸ್ತು ಗಾಡಿ, ಇಷ್ಟೇ ಲೆಕ್ಕಕ್ಕೆ ಬರುವುದು.

ವೀರಪ್ಪನ್ ಅಣ್ಣಾವ್ರನ್ನ ಹೊತ್ತೊಯ್ದಾಗ ಪೊಲೀಸರು ಕಾಡಿಗೆ ನುಗ್ಗಬಹುದಿತ್ತಲ್ವಾ?

ಕನ್ನಡಿಗರ ಜೊತೆ ಈ ವಿಷಯ ಮಾತಾಡಿದರೆ ಈ ಪ್ರಶ್ನೆ ಬಂದೇ ಬರುತ್ತದೆ. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ರಾಜ್‌ಕುಮಾರ್ ಅವರನ್ನು ಹೊತ್ತೊಯ್ದರು. 108 ದಿನಗಳ ನಂತರ, ನವೆಂಬರ್ 15ರಂದು ಬಿಡುಗಡೆ ಆಯಿತು. ಅಷ್ಟು ದಿನ ಎರಡು ರಾಜ್ಯಗಳ ಪೊಲೀಸರು ಕೈಕಟ್ಟಿ ಕೂತರು ಎಂಬ ಬೇಸರ ಇಂದಿಗೂ ಇದೆ. ಆದರೆ ಒತ್ತೆಯಾಳು ಎಲ್ಲಿದ್ದಾರೆ ಎಂದು ಗೊತ್ತಿಲ್ಲದೆ ಕಾಡಿಗೆ ನುಗ್ಗುವುದು ಅಂದರೆ ಅವರ ಜೀವದ ಮೇಲೆ ಜೂಜಾಡಿದ ಹಾಗೆ. ನುಗ್ಗದಿದ್ದದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಮಾತುಕತೆಗೂ ಒಂದು ಬೆಲೆ ಇತ್ತು. ವೀರಪ್ಪನ್ ಬೇಡಿಕೆಗಳಲ್ಲಿ ಟಾಡಾ, ಅಂದರೆ ಭಯೋತ್ಪಾದನೆ ತಡೆ ಕಾಯ್ದೆಯ ಕೆಳಗೆ ಒಳಗಿದ್ದ ಕೈದಿಗಳ ಬಿಡುಗಡೆಯೂ ಸೇರಿತ್ತು. ಸರ್ಕಾರ ಒಪ್ಪಿಕೊಂಡಿತು. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು, 1992ರಲ್ಲಿ ವೀರಪ್ಪನ್ ತಂಡದ ಗುಂಡಿಗೆ ಸತ್ತ ಎಸ್‌ಐ ಶಕೀಲ್ ಅಹ್ಮದ್ ಅವರ ತಂದೆ. ಕೋರ್ಟು ಬಿಡುಗಡೆಗೆ ಒಪ್ಪಲಿಲ್ಲ. ಎರಡು ವರ್ಷದ ನಂತರ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನೂ ಹಾಗೇ ಹೊತ್ತೊಯ್ದರು. 2002ರ ಡಿಸೆಂಬರಿನಲ್ಲಿ ಕಾಡಿನಲ್ಲಿ ಅವರ ಶವ ಸಿಕ್ಕಿತು. ಎರಡೂ ಪ್ರಕರಣದಲ್ಲಿ ಸಂಧಾನಕ್ಕೆಂದೇ ತರಬೇತಿ ಪಡೆದ ಪೊಲೀಸ್ ತಂಡವೊಂದು ಮುಂದೆ ಕಾಣಲಿಲ್ಲ. ಪತ್ರಕರ್ತರು, ರಾಜಕಾರಣಿಗಳು ಕಾಡಿಗೆ ಹೋಗಿ ಬಂದರು.

## ಆಯುಧ, ಸಾಮಾನು

ಮುಂಬೈಯಲ್ಲಿ ಪೊಲೀಸರ ಕೈಲಿ ನಿಜವಾಗ್ಲೂ ಏನಿತ್ತು?

ಹೆಚ್ಚಿನವರ ಕೈಯಲ್ಲಿ ಲಾಠಿ, ರಿವಾಲ್ವರ್, ಮತ್ತೆ .303 ರೈಫಲ್. ಈ .303 ಅಂದರೆ ಒಂದು ಗುಂಡು ಹಾರಿಸಿದ ಮೇಲೆ ಬೋಲ್ಟನ್ನು ಕೈಯಿಂದ ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು, ಆಮೇಲೇ ಮುಂದಿನ ಗುಂಡು. ಮಹಾಯುದ್ಧಗಳ ಕಾಲದ ಬಂದೂಕು. ಎದುರಿಗೆ ಎಕೆ-47. ಸಿಎಸ್‌ಟಿಯಲ್ಲಿ ರೈಲ್ವೆ ರಕ್ಷಣಾ ಪಡೆಯ (ಆರ್‌ಪಿಎಫ್) ಜಿಲ್ಲು ಯಾದವ್ ಸಹೋದ್ಯೋಗಿಯ ರೈಫಲ್ ಕಿತ್ತುಕೊಂಡು ಗುಂಡು ಹಾರಿಸಿದರು. ಕೊನೆಗೆ ಕೈಗೆ ಸಿಕ್ಕ ಪ್ಲಾಸ್ಟಿಕ್ ಕುರ್ಚಿಯನ್ನೇ ಎಸೆದರು. ಚೌಪಾಟಿಯ ನಾಕಾಬಂದಿಯಲ್ಲಿದ್ದ ಪೊಲೀಸ್ ತುಕಾರಾಂ ಓಂಬ್ಳೆ ಬರಿಗೈಯಲ್ಲಿ ಕಸಬ್‌ನ ಬಂದೂಕಿನ ನಳಿಗೆ ಹಿಡಿದು ಗುಂಡುಗಳನ್ನೆಲ್ಲ ತಾವೇ ತಿಂದರು. ಅಶೋಕ ಚಕ್ರ ಬಂತು, ಸರಿ. ಆದರೆ ಒಂದು ಪಡೆ ಇಂಥ ಧೈರ್ಯದ ಮೇಲೇ ನಿಂತಿರಬಾರದು.

ಆ .303ಗಳು ತಕ್ಷಣ ಮಾಯವಾಗಲಿಲ್ಲ. ಉತ್ತರ ಪ್ರದೇಶ ಪೊಲೀಸರು ಅವುಗಳಿಗೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ಪರೇಡಿನಲ್ಲಿ.

ಹಾಗಾದ್ರೆ ಎಲ್ಲ ಪೊಲೀಸರಿಗೂ ಎಕೆ-47 ಕೊಟ್ಬಿಟ್ರೆ ಆಯ್ತಲ್ಲ?

ಬೇಡ. ಟ್ರಾಫಿಕ್ ನೋಡುವವರ ಕೈಗೂ ಜಾತ್ರೆ ಬಂದೋಬಸ್ತಿಗೆ ಬಂದವರ ಕೈಗೂ ಎಕೆ ಕೊಟ್ಟರೆ ಅಪಾಯವೇ ಜಾಸ್ತಿ. ಆ ಗುಂಡು ಗೋಡೆ ದಾಟಿ ಪಕ್ಕದ ಮನೆಯವರಿಗೂ ತಾಗಬಹುದು. ಅಭ್ಯಾಸ ಇಲ್ಲದವರ ಕೈಯಿಂದ ಬಂದೂಕು ಕಿತ್ತುಕೊಳ್ಳುವುದೂ ಸುಲಭ. 1992ರಲ್ಲಿ ವೀರಪ್ಪನ್ ತಂಡ ರಾಮಾಪುರ ಠಾಣೆಗೇ ನುಗ್ಗಿ ಪೊಲೀಸರನ್ನು ಕೊಂದು ಬಂದೂಕು ಹೊತ್ತೊಯ್ದಿತ್ತು.

ಇದಕ್ಕಿಂತ ಲಂಡನ್ ದಾರಿ ನನಗೆ ಇಷ್ಟ. ಅಲ್ಲಿ ಸಾಮಾನ್ಯ ಕಾನ್‌ಸ್ಟೇಬಲ್ ಕೈಯಲ್ಲಿ ಬಂದೂಕೇ ಇಲ್ಲ. ಆದರೆ ಚೆನ್ನಾಗಿ ತರಬೇತಾದ, ಬಂದೂಕು ಹಿಡಿದವರ ಗಾಡಿಗಳು ಊರೆಲ್ಲ ಸುತ್ತುತ್ತಲೇ ಇರುತ್ತವೆ. 2017ರ ಜೂನ್ 3ರಂದು ಲಂಡನ್ ಬ್ರಿಡ್ಜ್ ಬಳಿ ಮೂವರು ಚಾಕು ಹಿಡಿದು ದಾಳಿ ಮಾಡಿದಾಗ ಮೊದಲ ಕರೆ ಬಂದ 8 ನಿಮಿಷದೊಳಗೆ ಮೂವರನ್ನೂ ಹೊಡೆದುರುಳಿಸಿದರು. ಠಾಣೆಗೂ ಕಮಾಂಡೋಗೂ ನಡುವೆ ಇಂಥ ಒಂದು ಪದರ ನಮ್ಮ ಪ್ರತಿ ದೊಡ್ಡ ಊರಿಗೂ ಬೇಕು. ಮಂಗಳೂರು, ಹುಬ್ಬಳ್ಳಿ, ಕಲಬುರಗಿಗೂ ಬೇಕು.

ಬುಲೆಟ್‌ಪ್ರೂಫ್ ಜಾಕೆಟ್ ಹಾಕ್ಕೊಂಡ್ರೆ ಗುಂಡು ತಾಗಲ್ಲ ಅಲ್ವಾ? ಮತ್ತೆ ಮುಂಬೈ ದಾಳಿಯಲ್ಲಿ ಪೊಲೀಸ್ ಅಧಿಕಾರಿ ಹೇಮಂತ್ ಕರ್ಕರೆ ಹೇಗೆ ಸತ್ತರು?

ಎಲ್ಲ ಜಾಕೆಟ್ಟೂ ಎಲ್ಲ ಗುಂಡನ್ನೂ ತಡೆಯುವುದಿಲ್ಲ. ಮೆತ್ತನೆ ಬಟ್ಟೆಯಂಥ ಜಾಕೆಟ್ ಪಿಸ್ತೂಲಿನ ಗುಂಡು ತಡೆಯುತ್ತದೆ. ರೈಫಲ್ ಗುಂಡಿಗೆ ಒಳಗೆ ಗಟ್ಟಿ ಫಲಕ ಬೇಕು. ಫಲಕ ಹಾಕಿದರೆ ತೂಕ ಏರುತ್ತದೆ. ಅದು ಮುಚ್ಚುವುದೂ ಎದೆ, ಬೆನ್ನು ಅಷ್ಟೇ. ಕುತ್ತಿಗೆ, ಭುಜ, ಮುಖ ಬಯಲಲ್ಲೇ ಇರುತ್ತದೆ. ಕರ್ಕರೆ ಅವರು ಹೆಲ್ಮೆಟ್, ಜಾಕೆಟ್ ಹಾಕಿಕೊಳ್ಳುವುದನ್ನು ಟಿವಿಯಲ್ಲಿ ದೇಶವೇ ನೋಡಿತ್ತು. ಆಮೇಲೆ ಆ ಜಾಕೆಟ್ಟಿನ ಗುಣಮಟ್ಟದ ಬಗ್ಗೆ ದೊಡ್ಡ ವಿವಾದ ಆಯಿತು. ಪರೀಕ್ಷೆ ಮಾಡೋಣ ಅಂದರೆ ಜಾಕೆಟ್ಟೇ ಕಾಣೆ.

ಭಾರತದ್ದೇ ಆದ ಗುಣಮಟ್ಟದ ಅಳತೆ, ಐಎಸ್ 17051, ಬಂದದ್ದು 2018ರಲ್ಲಿ. ಅಂದರೆ ಮುಂಬೈ ದಾಳಿ ಆಗಿ ಹತ್ತು ವರ್ಷಕ್ಕೆ. ಇನ್ನೊಂದು ಮಾತು. ಜಾಕೆಟ್ ಖರೀದಿಸಿ ಉಗ್ರಾಣದಲ್ಲಿ ಬೀಗ ಹಾಕಿ ಇಟ್ಟರೆ ಪ್ರಯೋಜನ ಇಲ್ಲ. ಅದು ಗಸ್ತು ಗಾಡಿಯ ಡಿಕ್ಕಿಯಲ್ಲಿರಬೇಕು. ಮಹಿಳಾ ಸಿಬ್ಬಂದಿಗೆ ಅವರ ಅಳತೆಯದ್ದು ಬೇಕು. ಬೇಸಿಗೆಯಲ್ಲಿ ಕಲಬುರಗಿಯಂಥ ಕಡೆ ಅದನ್ನು ಹಾಕಿಕೊಂಡು ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿರಬೇಕು.

ಬಂದೂಕು, ಜಾಕೆಟ್ ಬಿಟ್ಟು ಬೇರೇನು ಬೇಕು?

ಬಾಗಿಲು ಒಡೆಯುವ ಸಾಮಾನು. ನಗಬೇಡಿ. 2010ರ ಆಗಸ್ಟ್ 23ರಂದು ಫಿಲಿಪೀನ್ಸ್‌ನ ಮನಿಲಾದಲ್ಲಿ, ಕೆಲಸದಿಂದ ವಜಾ ಆಗಿದ್ದ ಪೊಲೀಸ್ ಅಧಿಕಾರಿಯೊಬ್ಬ ಹಾಂಗ್‌ಕಾಂಗ್ ಪ್ರವಾಸಿಗರಿದ್ದ ಬಸ್ಸನ್ನು ಒತ್ತೆ ಇಟ್ಟುಕೊಂಡ. ಪೊಲೀಸರು ಸುತ್ತಿಗೆಯಿಂದ ಕಿಟಕಿ ಗಾಜಿಗೆ ಬಡಿದರು, ಬಡಿಯುತ್ತಲೇ ಇದ್ದರು. ಬಾಗಿಲಿಗೆ ಹಗ್ಗ ಕಟ್ಟಿ ಎಳೆದರೆ ಹಗ್ಗವೇ ಹರಿಯಿತು. ಎಲ್ಲವೂ ಟಿವಿಯಲ್ಲಿ ನೇರ ಪ್ರಸಾರ. ಎಂಟು ಪ್ರವಾಸಿಗರು ಸತ್ತರು.

ನನ್ನನ್ನು ಕೇಳಿದರೆ ಖರೀದಿಯ ಪಟ್ಟಿಯಲ್ಲಿ ಮೊದಲು ಬರಬೇಕಾದವು ಇವು: ಕೆಲಸ ಮಾಡುವ ವೈರ್‌ಲೆಸ್, ಗುಂಡು ತಡೆಯುವ ಗುರಾಣಿ, ಬಾಗಿಲು ಒಡೆಯುವ ದಿಮ್ಮಿ, ಒಳ್ಳೆ ಟಾರ್ಚು, ರಕ್ತ ನಿಲ್ಲಿಸುವ ಪಟ್ಟಿ. ಕೈಕಾಲಿಗೆ ಗುಂಡು ತಾಗಿ ರಕ್ತನಾಳ ಹರಿದರೆ ನಿಮಿಷಗಳಲ್ಲಿ ಜೀವ ಹೋಗುತ್ತದೆ. ಗುಂಡಿನ ಮೊರೆತದ ನಡುವೆ ಆಂಬುಲೆನ್ಸ್ ಒಳಗೆ ಬರುವುದಿಲ್ಲ. ಜೇಬಿನಲ್ಲಿ ಪಟ್ಟಿ ಇದ್ದರೆ ಪಕ್ಕದ ಪೊಲೀಸನೇ ಬಿಗಿದು ಕಟ್ಟಬಹುದು. ಎಕೆ-47ಕ್ಕೆ ಹೋಲಿಸಿದರೆ ಇದರ ಬೆಲೆ ಏನೇನೂ ಅಲ್ಲ.

ಒಳಗೆ ಪ್ರಜ್ಞೆ ತಪ್ಪಿಸೋ ಗ್ಯಾಸ್ ಬಿಟ್ಟು ಎಲ್ರನ್ನೂ ಮಲಗಿಸ್ಬಿಟ್ರೆ?

ರಷ್ಯಾದವರು ಮಾಡಿ ನೋಡಿದ್ದಾರೆ. 2002ರ ಅಕ್ಟೋಬರಿನಲ್ಲಿ ಮಾಸ್ಕೋದ ರಂಗಮಂದಿರವೊಂದರಲ್ಲಿ ಒತ್ತೆಯಾಳುಗಳನ್ನು ಬಿಡಿಸಲು ಗ್ಯಾಸ್ ಬಿಟ್ಟರು. 120ಕ್ಕೂ ಹೆಚ್ಚು ಒತ್ತೆಯಾಳುಗಳು ಸತ್ತರು, ಬಹುತೇಕರು ಆ ಗ್ಯಾಸಿನಿಂದಲೇ. ಯಾವ ಗ್ಯಾಸ್ ಎಂದು ವೈದ್ಯರಿಗೂ ಹೇಳಿರಲಿಲ್ಲ.

ಡ್ರೋನ್, ರೋಬಾಟ್?

ಒಳಗೆ ಇಣುಕಿ ನೋಡಲು ಒಳ್ಳೆಯದು. ಆದರೆ ಚಾರ್ಜ್ ಮಾಡಿಟ್ಟಿರಬೇಕು, ಹಾರಿಸಲು ಬರುವವನು ರಾತ್ರಿ ಪಾಳಿಯಲ್ಲೂ ಇರಬೇಕು.

## ತರಬೇತಿ

ಪೊಲೀಸರು ವರ್ಷಕ್ಕೊಮ್ಮೆ ಫೈರಿಂಗ್ ಪ್ರಾಕ್ಟೀಸ್ ಮಾಡ್ತಾರಲ್ಲ, ಸಾಲದಾ?

ಮೈದಾನದಲ್ಲಿ ಮಲಗಿಕೊಂಡು, ಅಲ್ಲಾಡದ ಗುರಿಗೆ, ಹಾಡಹಗಲಲ್ಲಿ, ಪಕ್ಕದಲ್ಲಿ ಉಸ್ತಾದ್ ನಿಂತಿರುವಾಗ ಕೆಲವು ಗುಂಡು ಹಾರಿಸುವುದು ಒಂದು. ಕತ್ತಲ ಮೆಟ್ಟಿಲಲ್ಲಿ, ಕಿರುಚುವ ಜನ ಎದುರಿಗೆ ಓಡಿ ಬರುವಾಗ, ಅವರಲ್ಲಿ ಯಾರ ಕೈಯಲ್ಲಿ ಬಂದೂಕಿದೆ ಎಂದು ನೋಡಿ ಹಾರಿಸುವುದು ಇನ್ನೊಂದು. ನಮ್ಮಲ್ಲಿ ಹೆಚ್ಚಿನವರಿಗೆ ಸಿಗುವುದು ಮೊದಲನೆಯದು ಮಾತ್ರ. ಮುಂಬೈ ದಾಳಿಯ ಬಗ್ಗೆ ವಿಚಾರಣೆ ನಡೆಸಿದ ರಾಮ್ ಪ್ರಧಾನ್ ಸಮಿತಿ, ಗುಂಡುಗಳ ಕೊರತೆಯಿಂದ ಫೈರಿಂಗ್ ಅಭ್ಯಾಸವೇ ನಿಂತಿತ್ತು ಎಂದು ಹೇಳಿತ್ತು. ಹೊಸ ರೈಫಲ್ ತಂದು ಅಭ್ಯಾಸಕ್ಕೆ ಗುಂಡು ಕೊಡದಿದ್ದರೆ ಅದು ಆಯುಧಪೂಜೆಗೆ ಕುಂಕುಮ ಹಚ್ಚಲಿಕ್ಕೆ ಮಾತ್ರ.

ಒಳ್ಳೆ ತರಬೇತಿಯಲ್ಲಿ ಬಣ್ಣದ ಗುಂಡು ಬಳಸುತ್ತಾರೆ. ತಾಗಿದರೆ ನೋವಾಗುತ್ತದೆ, ಆದರೆ ಸಾಯುವುದಿಲ್ಲ. ನಿಜವಾದ ಶಾಲೆ, ಮಾಲ್, ಬಸ್ಸಿನಲ್ಲಿ ರಜೆಯ ದಿನ ಅಭ್ಯಾಸ ಮಾಡಿಸುತ್ತಾರೆ. ಹತ್ತರಲ್ಲಿ ಕೆಲವು ಸಲ ಗುಂಡು ಹಾರಿಸದೇ ಇರುವುದೇ ಸರಿ ಉತ್ತರ ಆಗಿರುತ್ತದೆ. ಇನ್ನೊಂದು ಮುಖ್ಯ ಪಾಠ, ಕಟ್ಟಡದ ನಕ್ಷೆ. ತಾಜ್ ಹೋಟೆಲಿನಲ್ಲಿ ಕಮಾಂಡೋಗಳಿಗೆ ಸರಿಯಾದ ನಕ್ಷೆ ಸಿಗದೆ ಕೋಣೆ ಕೋಣೆ ತಡಕಾಡಬೇಕಾಯಿತು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಸತ್ತದ್ದು ಅದೇ ಹೋಟೆಲಿನಲ್ಲಿ. ನಿಮ್ಮೂರಿನ ದೊಡ್ಡ ಆಸ್ಪತ್ರೆಯ ನಕ್ಷೆ ಠಾಣೆಯಲ್ಲಿ ಇರಬೇಕು, ಅಲ್ವಾ?

ಮಾತಾಡ್ತಾ ಕೂತ್ರೆ ಅವನಿಗೇ ಧೈರ್ಯ ಬರಲ್ವಾ?

ಬಹಳ ಸಲ ಆಗುವುದು ಇದರ ಉಲ್ಟಾ. ಮೊದಲ ಹೊತ್ತಿನಲ್ಲಿ ಅವನು ರೊಚ್ಚಿಗೆದ್ದಿರುತ್ತಾನೆ. ಗಂಟೆ ಕಳೆದಂತೆ ಹಸಿವು, ನಿದ್ದೆ, ಸುಸ್ತು. ಆವೇಶ ಇಳಿಯುತ್ತದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಒತ್ತೆ ಸಿಕ್ಕ ಇಸ್ರೇಲಿ ಕ್ರೀಡಾಪಟುಗಳು ಸತ್ತ ದುರಂತದ ನಂತರ ನ್ಯೂಯಾರ್ಕ್ ಪೊಲೀಸರು 1973ರಲ್ಲಿ ಸಂಧಾನಕ್ಕೆಂದೇ ಒಂದು ತಂಡ ಕಟ್ಟಿದರು. ಅದರ ಸೂತ್ರಗಳು ಇಂದಿಗೂ ಬಳಕೆಯಲ್ಲಿವೆ.

ಅದರಲ್ಲಿ ನನಗೆ ಬಹಳ ಜಾಣತನದ್ದು ಅನ್ನಿಸುವುದು ಒಂದು: ಮಾತಾಡುವವನು ಬೇರೆ, ತೀರ್ಮಾನ ಮಾಡುವವನು ಬೇರೆ. ಮಾತಾಡುವವನ ಕೈಯಲ್ಲಿ ಅಧಿಕಾರ ಇಲ್ಲದಿದ್ದರೆ 'ನನ್ನ ಕೈಲಿಲ್ಲಪ್ಪ, ಸಾಹೇಬರನ್ನ ಕೇಳಿ ಬರ್ತೀನಿ' ಎಂದು ಸಮಯ ಎಳೆಯಬಹುದು. ಕಮಿಷನರೇ ಮೈಕ್ ಹಿಡಿದರೆ ಹೌದು ಅಥವಾ ಇಲ್ಲ ಅನ್ನಲೇಬೇಕು. ಏನು ಕೊಟ್ಟರೂ ಬದಲಿಗೆ ಏನಾದರೂ ಕೇಳಬೇಕು: ಊಟ ಕಳಿಸುತ್ತೇವೆ, ಮಕ್ಕಳನ್ನು ಬಿಡು. ಹೊಸ ಬಂದೂಕು ಮಾತ್ರ ಕೊಡಲೇಬಾರದು. ಮನೆಯವರನ್ನು ಕರೆತಂದು ಮಾತಾಡಿಸುವುದು ಸಿನಿಮಾದಲ್ಲಿ ಚೆಂದ. ಮನಿಲಾದಲ್ಲಿ ಒತ್ತೆ ಇಟ್ಟವನ ತಮ್ಮನನ್ನು ಕರೆಸಿ, ಆಮೇಲೆ ಅವನನ್ನೇ ಬಂಧಿಸಿದರು. ಬಸ್ಸಿನ ಟಿವಿಯಲ್ಲಿ ಅಣ್ಣ ಅದನ್ನು ನೋಡಿದ. ಗುಂಡು ಶುರುವಾಯಿತು.

ಪ್ರತಿ ಜಿಲ್ಲೆಯಲ್ಲಿ ಕನ್ನಡ, ಉರ್ದು, ಹಿಂದಿ, ಗಡಿಭಾಗದಲ್ಲಿ ತೆಲುಗು, ಮರಾಠಿ, ತುಳು ಬಲ್ಲ ನಾಲ್ಕೈದು ಜನ ತರಬೇತಾದ ಸಂಧಾನಕಾರರು ಸಾಕು. ಕಾನ್‌ಸ್ಟೇಬಲ್‌ಗಳೂ ಆಗಬಹುದು. ಹಳ್ಳಿ ಜಗಳ ಬಿಡಿಸಿ ಪಳಗಿದ ಹೆಡ್ ಕಾನ್‌ಸ್ಟೇಬಲ್‌ಗಳಿಗೆ ಈ ಕೆಲಸ ಐಪಿಎಸ್ ಅಧಿಕಾರಿಗಳಿಗಿಂತ ಚೆನ್ನಾಗಿ ಬರಬಹುದು.

ಮನಸ್ಸು ಸರಿಯಿಲ್ಲದವನು ಮಚ್ಚು ಹಿಡ್ಕೊಂಡು ನಿಂತ್ರೆ? ಅದೂ ಇದೇ ಲೆಕ್ಕಾನಾ?

ನಮ್ಮ ಠಾಣೆಗಳಿಗೆ ಎದುರಾಗುವುದು ಭಯೋತ್ಪಾದಕರಲ್ಲ, ಇಂಥವರೇ. ಕುಡಿದವನು, ಹೆಂಡತಿ ಮಕ್ಕಳನ್ನು ಕೂಡಿಹಾಕಿದವನು, ಸಾಯಲು ಹೊರಟವನು. ಕೆಲವು ಕಡೆ ಮನೆಯಲ್ಲಿ ಬಂದೂಕೂ ಇರುತ್ತದೆ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಎಂಬ ಹಳೆಯ ಪದ್ಧತಿಯ ಜಮೀನು ಹೊಂದಿದವರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಮಲೆನಾಡಿನಲ್ಲಿ ಬೆಳೆ ಕಾಯುವ ತೋಟಾಕೋವಿ ಇರುತ್ತದೆ.

ಅಮೆರಿಕದ ಮೆಂಫಿಸ್‌ನಲ್ಲಿ 1987ರಲ್ಲಿ ಚಾಕು ಹಿಡಿದಿದ್ದ ಮಾನಸಿಕ ರೋಗಿಯೊಬ್ಬನನ್ನು ಪೊಲೀಸರು ಗುಂಡಿಟ್ಟು ಕೊಂದರು. ಮರುವರ್ಷ ಅಲ್ಲಿ 40 ಗಂಟೆಗಳ ತರಬೇತಿಯೊಂದು ಶುರುವಾಯಿತು. ವೈದ್ಯರು, ರೋಗಿಗಳ ಮನೆಯವರು ಸೇರಿ ಪೊಲೀಸರಿಗೆ ಕಲಿಸುವುದು. ದೂರ ನಿಲ್ಲು, ಕೂಗಬೇಡ, ಪೊಲೀಸರಲ್ಲಿ ಒಬ್ಬನಷ್ಟೇ ಮಾತಾಡಲಿ, ಇಂಥ ಪಾಠಗಳು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರವೂ ಹೀಗೆ ವಶಕ್ಕೆ ತೆಗೆದುಕೊಂಡವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ನಿಮ್ಹಾನ್ಸ್ ನಮ್ಮಲ್ಲೇ ಇದೆ. ಪಾಠ ಹೇಳುವವರಿಗೇನೂ ಬರ ಇಲ್ಲ.

ದೊಡ್ಡ ಸಾಹೇಬರೆಲ್ಲ ಸ್ಥಳಕ್ಕೆ ಬಂದ್ರೆ ಒಳ್ಳೇದಲ್ವಾ?

ಜನರಿಗೆ ಹಾಗನ್ನಿಸುತ್ತದೆ. ಮುಂಬೈಯಲ್ಲಿ ಪೊಲೀಸ್ ಅಧಿಕಾರಿಗಳಾದ ಕರ್ಕರೆ, ಕಾಮ್ಟೆ, ಸಾಲಸ್ಕರ್ ಮೂವರೂ ಒಂದೇ ಗಾಡಿಯಲ್ಲಿ ಹೋದರು, ಮೂವರೂ ಒಟ್ಟಿಗೆ ಸತ್ತರು. ಕಮಿಷನರ್ ಒಂದೇ ಹೋಟೆಲಿನ ಬಳಿ ಉಳಿದದ್ದನ್ನು ಪ್ರಧಾನ್ ಸಮಿತಿ ಟೀಕಿಸಿತು. ಹತ್ತು ಕಡೆ ದಾಳಿ ಆಗುವಾಗ ಎಲ್ಲವನ್ನೂ ನೋಡುವ ಒಬ್ಬರು ಕಂಟ್ರೋಲ್ ರೂಮಿನಲ್ಲಿ ಇರಲೇಬೇಕು.

ಅದೇ ರಾತ್ರಿ ಇನ್ನೊಂದು ಕಡೆ ಡಿಸಿಪಿ ವಿಶ್ವಾಸ್ ನಾಂಗ್ರೆ ಪಾಟೀಲ್ ಕೆಲವೇ ಸಿಬ್ಬಂದಿ ಜೊತೆ ತಾಜ್ ಒಳಗೆ ಹೋಗಿ ಸಿಸಿಟಿವಿ ಕೋಣೆ ಸೇರಿದರು. ದಾಳಿಕೋರರು ಎಲ್ಲಿದ್ದಾರೆ ಎಂದು ಪರದೆ ನೋಡಿ ವೈರ್‌ಲೆಸ್‌ನಲ್ಲಿ ಹೇಳುತ್ತಾ ಹೋದರು. ಸಿಎಸ್‌ಟಿಯಲ್ಲಿ ರೈಲ್ವೆ ಪ್ರಕಟಣೆ ಮಾಡುತ್ತಿದ್ದ ವಿಷ್ಣು ಜೆಂಡೆ ತಮ್ಮ ಕೋಣೆಯ ಗಾಜಿನಿಂದ ನೋಡುತ್ತಾ, ಯಾವ ಕಡೆ ಓಡಬೇಕು ಎಂದು ಮೈಕಿನಲ್ಲಿ ಕೂಗಿ ಎಷ್ಟೋ ಜನರನ್ನು ಉಳಿಸಿದರು. ಅವರ ಕೈಯಲ್ಲಿ ಇದ್ದದ್ದು ಮೈಕ್ ಒಂದೇ. ಇಂಥ ಹೊತ್ತಿನಲ್ಲಿ ಮಾಹಿತಿಯೇ ಅರ್ಧ ಆಯುಧ.

## ಕಾನೂನು, ಹೊಣೆ

ಟಿವಿಯವರು, ಮೊಬೈಲ್ ಹಿಡಿದ ಜನ... ಇವರನ್ನ ಏನು ಮಾಡೋದು?

ಮುಂಬೈಯಲ್ಲಿ ದಾಳಿಕೋರರಿಗೆ ಪಾಕಿಸ್ತಾನದಿಂದ ಫೋನಿನಲ್ಲಿ ನಿರ್ದೇಶನ ಕೊಡುತ್ತಿದ್ದವರು ನಮ್ಮ ಟಿವಿ ನೋಡಿಯೇ ಹೇಳುತ್ತಿದ್ದರು. ದಾಳಿಕೋರರು ಹೊಕ್ಕಿದ್ದ ನಾರಿಮನ್ ಹೌಸ್ ಕಟ್ಟಡದ ಮೇಲೆ ಕಮಾಂಡೋಗಳು ಹೆಲಿಕಾಪ್ಟರಿನಿಂದ ಇಳಿಯುವುದೂ ನೇರ ಪ್ರಸಾರ ಆಯಿತು. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟುವಾಗಿ ಟೀಕಿಸಿತು. ಈಗ, 2015ರ ಕೇಬಲ್ ಟಿವಿ ನಿಯಮದ ಪ್ರಕಾರ ಇಂಥ ಕಾರ್ಯಾಚರಣೆಯ ನೇರ ಪ್ರಸಾರ ನಿಷಿದ್ಧ, ಗೊತ್ತುಮಾಡಿದ ಅಧಿಕಾರಿ ಆಗಾಗ ಹೇಳಿದ್ದನ್ನಷ್ಟೇ ಹಾಕಬಹುದು. ಮೊಬೈಲ್ ಹಿಡಿದವರನ್ನು ತಡೆಯಲು ಹೊರಗಿನ ಬೇಲಿಯನ್ನೇ ದೂರ ಹಾಕಬೇಕು. 2020ರ ಜನವರಿಯಲ್ಲಿ ಉತ್ತರ ಪ್ರದೇಶದ ಫರೂಕಾಬಾದಿನಲ್ಲಿ 20ಕ್ಕೂ ಹೆಚ್ಚು ಮಕ್ಕಳನ್ನು ಒಬ್ಬ ಒತ್ತೆ ಇಟ್ಟುಕೊಂಡ. ಮಕ್ಕಳೆಲ್ಲ ಉಳಿದರು. ಆದರೆ ಅವನ ಹೆಂಡತಿಯನ್ನು ಗುಂಪು ಹೊಡೆದು ಕೊಂದಿತು. ಬೇಲಿ ಸರಿಯಿಲ್ಲದಿದ್ದರೆ ಹೀಗೂ ಆಗುತ್ತದೆ.

ಗುಂಡು ಹಾಕೋದಕ್ಕೆ ಪೊಲೀಸರು ಹೆದರೋದು ಆಮೇಲಿನ ತನಿಖೆಗೆ ಅಲ್ವಾ?

ಸ್ವಲ್ಪ ಮಟ್ಟಿಗೆ ಹೌದು. 2014ರಲ್ಲಿ ಸುಪ್ರೀಂ ಕೋರ್ಟ್ ಎನ್‌ಕೌಂಟರ್ ಸಾವುಗಳಿಗೆ 16 ಸೂಚನೆ ಕೊಟ್ಟಿತು: ಎಫ್‌ಐಆರ್ ಆಗಬೇಕು, ಸಿಐಡಿ ಅಥವಾ ಬೇರೆ ಠಾಣೆಯವರು ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಇದು ಬೇಕೇ ಬೇಕು. ಕೊಲ್ಲುವ ಅಧಿಕಾರ ಇರುವವರು ಲೆಕ್ಕ ಕೊಡಬೇಕು. ಹೆದರಿಕೆ ಕಡಿಮೆ ಮಾಡುವ ದಾರಿ ತನಿಖೆ ತೆಗೆದುಹಾಕುವುದಲ್ಲ. ಯಾವಾಗ ಹಾರಿಸಬಹುದು, ಯಾವಾಗ ಹಾರಿಸಬಾರದು ಎಂದು ಲಿಖಿತವಾಗಿ ಸ್ಪಷ್ಟ ಮಾಡಿ, ಅದನ್ನೇ ಅಭ್ಯಾಸ ಮಾಡಿಸುವುದು. ಮೈಗೆ ಕ್ಯಾಮೆರಾ ಹಾಕಿಕೊಂಡರೆ ಸರಿಯಾಗಿ ನಡೆದುಕೊಂಡ ಪೊಲೀಸನಿಗೂ ಅದೇ ಸಾಕ್ಷಿ.

ನಮ್ಮೂರಿನ ಪೊಲೀಸರು ತಯಾರಿದ್ದಾರಾ ಅಂತ ನಮ್ಮಂಥವರಿಗೆ ಗೊತ್ತಾಗೋದು ಹೇಗೆ?

ಎಷ್ಟು ಕೋಟಿ ಖರ್ಚಾಯಿತು ಎಂದು ಕೇಳಿದರೆ ಗೊತ್ತಾಗುವುದಿಲ್ಲ. ಶಾಸಕರನ್ನೋ ಎಸ್‌ಪಿಯವರನ್ನೋ ಭೇಟಿಯಾದಾಗ ಇವನ್ನು ಕೇಳಿ ನೋಡಿ. ಕಳೆದ ವರ್ಷ ನಮ್ಮ ಠಾಣೆಯ ಒಬ್ಬೊಬ್ಬರು ಎಷ್ಟು ಗುಂಡು ಹಾರಿಸಿ ಅಭ್ಯಾಸ ಮಾಡಿದರು? ಗಸ್ತು ಗಾಡಿಯಲ್ಲಿ ಗುರಾಣಿ, ಜಾಕೆಟ್, ರಕ್ತ ನಿಲ್ಲಿಸುವ ಪಟ್ಟಿ ಇದೆಯಾ? ಜಿಲ್ಲೆಯಲ್ಲಿ ಸಂಧಾನ ಕಲಿತವರು ಯಾರು, ರಾತ್ರಿ ಎರಡು ಗಂಟೆಗೆ ಕರೆದರೆ ಎಷ್ಟು ಹೊತ್ತಿಗೆ ಬರುತ್ತಾರೆ? ಬಸ್ ನಿಲ್ದಾಣದಲ್ಲೋ ಕಾಲೇಜಿನಲ್ಲೋ ಕೊನೆಯ ಅಣಕು ಕಾರ್ಯಾಚರಣೆ ಯಾವಾಗ ಆಯಿತು, ಅದರಲ್ಲಿ ಏನೇನು ತಪ್ಪಾಯಿತು? ಕೊನೆಯ ಪ್ರಶ್ನೆಗೆ 'ಏನೂ ತಪ್ಪಾಗಲಿಲ್ಲ' ಎಂಬ ಉತ್ತರ ಬಂದರೆ, ಅದು ಫೋಟೊಗಾಗಿ ಮಾಡಿದ ಅಣಕು ಎಂದು ತಿಳಿಯಿರಿ.